ಗೂನು, ಡೊಂಕು, ವಾಲು: ಮಗುವಿನ ಬೆನ್ನಿಗೆ ಯಾವ ಪದ?

ಬಳಗದ ಎಲ್ಲರಿಗೂ ಕಲಬುರಗಿಯಿಂದ ಶರಣು.

ನಾನು ಇಲ್ಲಿ ಮಕ್ಕಳ ಫಿಸಿಯೋಥೆರಪಿಸ್ಟ್. ಅನ್ನನಾಳದ ಆಪರೇಷನ್ ಆದ ಮಕ್ಕಳ ತಾಯಂದಿರಿಗೆ ಕೊಡಲು ಎರಡು ಪುಟದ ಕನ್ನಡ ಹಾಳೆ ಬರೆಯುತ್ತಿದ್ದೇನೆ. ಸ್ಕೋಲಿಯೋಸಿಸ್‌ಗೆ, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದಕ್ಕೆ, ಏನನ್ನಬೇಕು ಎಂಬಲ್ಲಿ ಕೈ ನಿಂತಿದೆ.

ಕೆಲವು ಮಕ್ಕಳು ಅನ್ನನಾಳ ಕೂಡದೇ ಹುಟ್ಟುತ್ತವೆ. ಮೇಲಿನ ತುಂಡು ಚೀಲದ ಹಾಗೆ ಅಲ್ಲೇ ಮುಗಿದಿರುತ್ತದೆ. ಕೆಳಗಿನ ತುಂಡು ಹೆಚ್ಚಾಗಿ ಗಾಳಿಕೊಳವೆಗೆ ಸೇರಿಕೊಂಡಿರುತ್ತದೆ. ಸುಮಾರು 2,500ರಿಂದ 4,500 ಹೆರಿಗೆಗೆ ಇಂಥ ಒಂದು ಮಗು. ಹುಟ್ಟಿದ ಕೆಲವೇ ದಿನಗಳಲ್ಲಿ, ಸಾಮಾನ್ಯವಾಗಿ ಬಲಗಡೆ ಪಕ್ಕೆಲುಬುಗಳ ನಡುವೆ ಕೊಯ್ದು, ಎರಡು ತುದಿ ಸೇರಿಸಿ ಹೊಲಿಯುತ್ತಾರೆ. ಹೀಗೆ ಒಂದೇ ಆಪರೇಷನ್‌ನಲ್ಲಿ ಕೂಡಿಸಿ ಮಗುವನ್ನು ಮೊದಲು ಉಳಿಸಿದ್ದು 1941ರಲ್ಲಿ, ಅಮೆರಿಕದ ಮಿಶಿಗನ್‌ನಲ್ಲಿ, ಕ್ಯಾಮೆರಾನ್ ಹೈಟ್ ಎಂಬ ಸರ್ಜನ್. ಈಗ ಬಹಳ ಮಕ್ಕಳು ಉಳಿಯುತ್ತವೆ, ಶಾಲೆಗೂ ಹೋಗುತ್ತವೆ. ಬೆನ್ನಿನ ಮಾತು ಬರುವುದು ಆಮೇಲೆ.

ಕೊಯ್ದ ಕಡೆ ಪಕ್ಕೆಲುಬು ಒಂದಕ್ಕೊಂದು ಅಂಟಬಹುದು. ಅಲ್ಲಿನ ಸ್ನಾಯು ಸೊರಗಬಹುದು. ಮಗು ಬೆಳೆದಂತೆ ಆ ಕಡೆ ಎಳೆದು ಹಿಡಿದ ಹಾಗಾಗುತ್ತದೆ. ಒಂದು ಭುಜ ಏರುಪೇರಾಗುತ್ತದೆ, ಹೆಗಲ ಹಿಂದಿನ ಎಲುಬು ರೆಕ್ಕೆಯಂತೆ ಎದ್ದು ಕಾಣುತ್ತದೆ, ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ. ಕೆಲವರಿಗೆ ಬೆನ್ನಿನ ಮಣಿಗಳೇ ಹುಟ್ಟುತ್ತಾ ಅರೆಬರೆ ಆಗಿರುತ್ತವೆ. ಎಕ್ಸ್‌ರೇಯಲ್ಲಿ ಬಾಗು 10 ಡಿಗ್ರಿ ಅಥವಾ ಜಾಸ್ತಿ ಇದ್ದರೆ ಅದು ಸ್ಕೋಲಿಯೋಸಿಸ್.

ಹಿಂದೆ ನಾನು ಹಂಚುತ್ತಿದ್ದ ಹಾಳೆಯಲ್ಲಿ ಇದಕ್ಕೆ 'ಗೂನುಬೆನ್ನು' ಎಂದಿತ್ತು. ಶಹಾಪುರ ಕಡೆಯ ಒಬ್ಬ ತಾಯಿ ಅದನ್ನು ಓದಿ ವಾಪಸ್ ಕೊಟ್ಟರು. "ನನ್ನ ಮಗಗ ಗೂನ ಇಲ್ಲರಿ. ಇದು ಬ್ಯಾರೆ ಯಾರದೋ ಅದ." ಅವರು ಹೇಳಿದ್ದೇ ಸರಿ. ಗೂನು ಅಂದರೆ ಬೆನ್ನು ಮುಂದಕ್ಕೆ ಬಾಗಿ ಹಿಂದೆ ಉಬ್ಬುವುದು. ಮುದುಕರಿಗೆ ಹೇಳುವ ಮಾತು. ಆ ಹುಡುಗನ ಬೆನ್ನು ಪಕ್ಕಕ್ಕೆ ಬಾಗಿತ್ತು. ಪದ ತಪ್ಪಿದ್ದರಿಂದ ಹಾಳೆಯೇ ಅವರ ಕೈಗೆ ಉಳಿಯಲಿಲ್ಲ.

ಹಾಗಾದರೆ ಡೊಂಕು? ಗ್ರೀಕಿನ ಮೂಲ ಪದಕ್ಕೂ ಡೊಂಕು ಅಂತಲೇ ಅರ್ಥ. ಆದರೆ ನಮ್ಮಲ್ಲಿ ಡೊಂಕು ಎಂದರೆ ನಾಯಿ ಬಾಲ ನೆನಪಾಗುತ್ತದೆ, ತಿದ್ದಲಾಗದ್ದು ಅಂತ. ಮಗುವಿನ ಮೈಗೆ ಆ ಮಾತು ಹಚ್ಚಲು ನನಗೆ ಮನಸ್ಸಿಲ್ಲ. 'ಸೊಟ್ಟ' ಕೂಡ ಹಾಗೇ, ಶಾಲೆಯಲ್ಲಿ ಅಡ್ಡಹೆಸರಾಗಿ ಅಂಟಿಬಿಡುತ್ತದೆ. ಬೀದರ್ ಕಡೆಯ ಮರಾಠಿ ಮಾತಿನ 'ವಾಕಡಾ', ನಮ್ಮ ಪೇಟೆಯ ದಖನಿಯ 'ಟೇಢಾ', ಇವೂ ಬೈಗುಳದ ಪಕ್ಕದಲ್ಲೇ ಇವೆ.

ಕೂರುವ, ನಿಲ್ಲುವ ರೀತಿಗೆ ಪಠ್ಯಪುಸ್ತಕ ಹೇಳುವ 'ಭಂಗಿ' ನನಗೆ ಇನ್ನೂ ಜಾಸ್ತಿ ತೊಂದರೆ ಕೊಟ್ಟಿದೆ. ಇಲ್ಲಿ ಭಂಗಿ ಅಂದರೆ ಹಲವರಿಗೆ ಸೊಪ್ಪು ನೆನಪಾಗುತ್ತದೆ, ಅದು ಇರಲಿ. ಭಂಗಿ ನಾವು ಬೇಕೆಂದು ತಾಳುವುದು. ಫೋಟೋಕ್ಕೆ, ಯೋಗಕ್ಕೆ, ಕುಣಿತಕ್ಕೆ. 'ಭಂಗಿ ಸರಿಯಿಲ್ಲ' ಎಂದು ಬರೆದರೆ ಮನೆಯವರು ಮಗುವನ್ನೇ ಬೈಯುತ್ತಾರೆ. "ಸೀದಾ ನಿಂದ್ರೋ" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಗದರುತ್ತಾಳೆ. ಎಲುಬು ಅಂಟಿದ ಮಗು ಸುಮ್ನೆ ಗದರಿದರೆ ನೆಟ್ಟಗಾಗುತ್ತದಾ? ಕೂರುವ ರೂಢಿ ಬೇರೆ, ಎಲುಬಿನ ಬಾಗು ಬೇರೆ. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಬೇಕು, ಅಲ್ವಾ? ಮೊದಲನೆಯದಕ್ಕೆ 'ಕುಂದ್ರೋ-ನಿಂದ್ರೋ ರೀತಿ' ಅಂದರೆ ಇಲ್ಲಿ ಯಾರಿಗೂ ಗೊಂದಲವಿಲ್ಲ. ಅದನ್ನೇ ಇಟ್ಟುಕೊಂಡಿದ್ದೇನೆ.

ಎರಡನೆಯದಕ್ಕೆ ನನಗೆ ಹೊಳೆದದ್ದು 'ವಾಲು'. ತೊಗರಿ ಚೀಲ ಹೇರಿದ ಗಾಡಿ ಒಂದು ಕಡೆ ವಾಲಿದೆ ಅಂದರೆ ಯಾರೂ ಗಾಡಿಯನ್ನು ಬೈಯುವುದಿಲ್ಲ, ಭಾರ ಎಲ್ಲಿ ಹೆಚ್ಚಾಯಿತು ಅಂತ ನೋಡುತ್ತಾರೆ. ಇಲ್ಲೂ ನೋಡಬೇಕಾದ್ದು ಅದೇ, ಎಳೆತ ಯಾವ ಕಡೆ ಅಂತ. ಉಬ್ಬುಹಲ್ಲು, ಜೋಲುಮೋರೆ ಇದ್ದ ಹಾಗೆ 'ವಾಲುಬೆನ್ನು'. ಕೊರತೆ ಒಂದಿದೆ. ಸ್ಕೋಲಿಯೋಸಿಸ್‌ನಲ್ಲಿ ಬೆನ್ನು ಪಕ್ಕಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ ಕೂಡ. ಅದಕ್ಕೇ ಮಗುವನ್ನು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿದರೆ ಒಂದು ಕಡೆ ಡುಬ್ಬ (ನಮ್ಮ ಕಡೆ ಬೆನ್ನಿಗೆ ಹೀಗನ್ನುತ್ತಾರೆ) ಎತ್ತರ ಕಾಣುತ್ತದೆ. 'ವಾಲು' ಆ ತಿರುಚನ್ನು ಹೇಳುವುದಿಲ್ಲ. ತಾಯಿ ಮನೆಯಲ್ಲೇ ಈ ಪರೀಕ್ಷೆ ಮಾಡಬಹುದು. ಅದರಲ್ಲೂ 10 ವರ್ಷದ ನಂತರ ಮಗು ಸರಸರ ಎತ್ತರವಾಗುವಾಗ. ಹಾಗಾಗಿ ಹಾಳೆಯಲ್ಲಿ ಅದರ ಚಿತ್ರ ಹಾಕಿ, ಕೆಳಗೆ 'ಡುಬ್ಬ ಎರಡೂ ಕಡೆ ಸಮ ಅದನಾ ನೋಡ್ರಿ' ಅಂತ ಬರೆದಿದ್ದೇನೆ.

ಬೀದರ್, ಔರಾದ್, ಗುರುಮಠಕಲ್ ಕಡೆಯವರು ಹೇಳಿ: 'ವಾಲು' ನಿಮ್ಮ ಮನೆಮಾತಿನಲ್ಲಿ ಇದೆಯಾ, ಅಥವಾ 'ವಾರಿ' ಅನ್ನುತ್ತೀರಾ? ಮರ ತಿರುಚಿದ ಹಾಗೆ ಎಲುಬು ತಿರುಚಿದ್ದಕ್ಕೆ ರೈತರ, ಬಡಿಗೇರರ ಬಾಯಲ್ಲಿ ಒಂದು ಪದ ಇದ್ದರೆ ಅದನ್ನೂ ಕಳಿಸಿ. ಹಾಳೆ ಅಚ್ಚಿಗೆ ಹೋಗಲು ಇನ್ನೂ ಎರಡು ವಾರವಿದೆ.