ನಲವತ್ತೇಳಕ್ಕ ಲೇಸರ್ ಮಾಡಿಸಿ ಚಷ್ಮಾ ಬಿಡಬೇಕೋ, ಬ್ಯಾಡೋ?

ಖಣದಂಗಡಿ, ಗುಳೇದಗುಡ್ಡ

ಎಲ್ಲಾರಿಗೂ ನಮಸ್ಕಾರ್ರೀ. ನಂದು ಗುಳೇದಗುಡ್ಡದಾಗ ಖಣದ ವ್ಯಾಪಾರ. ವಯಸ್ಸು 47. ಹೈಸ್ಕೂಲಿನಿಂದ ಚಷ್ಮಾ ಐತಿ. ಬಲಗಣ್ಣು ಮೈನಸ್ 3.25, ಎಡಗಣ್ಣು ಮೈನಸ್ 3.5, ಜೋಡಿಗೆ ಸಿಲಿಂಡರ್ ಅಂತ ಇನ್ನೊಂದು ನಂಬರ್ ಚೂರು. ನಾಲ್ಕೈದು ವರ್ಷದಿಂದ ನಂಬರ್ ಅಲ್ಲೇ ನಿಂತೈತಿ.

ಈಗಿನ ತ್ರಾಸ ಬ್ಯಾರೆ. ಚಷ್ಮಾ ಹಾಕ್ಕೊಂಡ್ರ ಹತ್ತಿರದ್ದು ಕಾಣಂಗಿಲ್ಲ, ತಗದ್ರ ದೂರದ್ದು ಕಾಣಂಗಿಲ್ಲ. ನೇಕಾರರು ಖಣ ತಂದು ಗಲ್ಲೆ ಮುಂದ ಇಟ್ಟಾಗ ಚಷ್ಮಾ ಹಣಿ ಮ್ಯಾಲೆ ಏರಸ್ತೀನಿ, ಬಟ್ಟಿ ಮುಖದ ಹತ್ರ ಹಿಡದು ನೋಡ್ತೀನಿ. ತೇರಿನ ಚಿತ್ತಾರದಾಗ ಒಂದು ಎಳಿ ಹಾರಿದ್ರೂ ಬರಿಗಣ್ಣಿಗೆ ಸಿಕ್ಕಬೀಳತೈತಿ. ಅಷ್ಟ್ರಾಗ ಬಾಗಲದಾಗ ಯಾರೋ ನಿಂತು "ಏನ್ ಸಾವ್ಕಾರ್ರ, ಆರಾಮ?" ಅಂತಾರ. ಬೀಗರೋ, ಸಾಲ ಕೇಳಾಕ ಬಂದವರೋ ಒಂದೂ ತಿಳಿಯಂಗಿಲ್ಲ. ಮೊದಲು ನಗತೀನಿ, ಆಮ್ಯಾಲೆ ಚಷ್ಮಾ ಇಳಸತೀನಿ. ದೂರದ್ದು, ಹತ್ತಿರದ್ದು ಎರಡೂ ಒಂದ್ರಾಗ ಇರೋ ಪ್ರೋಗ್ರೆಸಿವ್ ಗ್ಲಾಸ್ ಹಾಕಿಸಿ ನೋಡಿದೆ, ಅಟ್ಟದ ಮೆಟ್ಟಲ ಇಳಿಯೋ ಮುಂದ ನೆಲ ತೇಲಿದಂಗ ಆಗಿ ಡಬ್ಬಿಗೆ ಹಾಕಿ ಇಟ್ಟೀನಿ. ಬನಶಂಕರಿ ಜಾತ್ರ್ಯಾಗ ಅಂಗಡಿ ಹಾಕ್ತೀವಿ, ಆ ಧೂಳಿಗೆ ಗ್ಲಾಸ್ ಒರಸೋದೇ ಒಂದು ಉದ್ಯೋಗ.

ನಮ್ಮಣ್ಣನ ಮಗ, 24ರ ಹುಡುಗ, ಲೇಸರ್ ಮಾಡಿಸ್ಕೊಂಡು ಬಂದು "ಕಾಕಾ, ನೀನೂ ಮಾಡಿಸು" ಅಂತ ಗಂಟು ಬಿದ್ದಾನ. ಒಂದು ಆಸ್ಪತ್ರಿಗೆ ಫೋನ್ ಹಚ್ಚಿದ್ರ ಕಣ್ಣು ನೋಡೋ ಮೊದಲೇ ಎಂಬತ್ತು ಸಾವಿರ ಅಂದ್ರು. "ಇನ್ನ ಚಷ್ಮಾ ಮರತಬಿಡ್ರಿ ಸರ್, ಈ ತಿಂಗಳ ಆಫರ್ ಐತಿ" ಅಂತ ಬ್ಯಾರೆ. ಕಣ್ಣಿಗೂ ಆಷಾಢ ಸೇಲ್ ಇರತೈತಂತ ನನಗ ಗೊತ್ತಿರಲಿಲ್ಲ.

ಶುಗರ್ ಐತಿ, ಒಂದು ಗುಳಿಗಿ ನಡದೈತಿ. ಈ ವಯಸ್ಸಿಗೆ ಮಾಡಿಸ್ಕೊಂಡವರು ಯಾರರ ಇದ್ರ ಹೇಳ್ರಿ. ಲೇಸರ್ ಅಂದ್ರ ಒಳಗ ಸುಡತೈತೇನು? ಇನ್ಶೂರೆನ್ಸಿನ್ಯಾಗ ಬರತೈತೇನು?

ಕಬ್ಬಿನ ಸೀಮಿ, ಮುಧೋಳ

ಸಾವ್ಕಾರ್ರ, ನಾ ಮಾಡಿಸ್ಕೊಂಡವ. 44 ಇದ್ದಾಗ. ನಂದೂ ಮೈನಸ್ 4ರ ಆಸುಪಾಸು ಇತ್ತು. ನನಗ ಎರಡೂ ಕಣ್ಣು ಸೊನ್ನೆ ಮಾಡಲಿಲ್ಲ. ಬಲಗಣ್ಣು ದೂರಕ್ಕ, ಎಡಗಣ್ಣಿನ್ಯಾಗ ಸ್ವಲ್ಪ ನಂಬರ್ ಉಳಿಸಿ ಹತ್ತಿರಕ್ಕ ಅಂತ ಮಾಡಿದ್ರು. ಮೋನೋವಿಷನ್ ಅಂತಾರ. ಮೊಬೈಲ್, ಫ್ಯಾಕ್ಟರಿ ಪಾವತಿ, ಗೊಬ್ಬರದ ಚೀಲದ ಮ್ಯಾಲಿನ ದೊಡ್ಡ ಅಕ್ಷರ ಎಲ್ಲಾ ನಡೀತೈತಿ. ಔಷಧ ಬಾಟಲಿ ಹಿಂದಿನ ಸಣ್ಣ ಅಕ್ಷರ ಇವತ್ತಿಗೂ ಮಗನ ಕಡಿಂದ ಓದಸ್ತೀನಿ.

ರಾತ್ರಿ ಗಾಡಿ ಹೊಡೆಯೋದರ ಬಗ್ಗೆ ಯಾರೂ ಸರಿಯಾಗಿ ಹೇಳಂಗಿಲ್ಲ, ನಾ ಹೇಳ್ತೀನಿ. ಕಬ್ಬಿನ ಹಂಗಾಮಿನಾಗ ನಮ್ಮ ಕಡೆ ರಸ್ತೆ ಹೆಂಗಿರತಾವು ನಿಮಗೂ ಗೊತ್ತು. ಎದುರಿಗೆ ಟ್ರ್ಯಾಕ್ಟರಿನ ಫೋಕಸ್ ಲೈಟ್, ಮುಂದ ಎರಡು ಟ್ರೇಲರ್ ಜೋಡಿಸಿದ ಗಾಡಿ, ಹಿಂದ ಕೆಂಪು ದೀಪ ಇಲ್ಲ. ಮೊದಲ ಚಳಿಗಾಲ ಲೈಟಿನ ಸುತ್ತ ಬಳಿ ಬಳಿ ಕಾಣತಿತ್ತು, ಈಗ ಕಡಿಮಿ ಆಗೈತಿ, ಪೂರ್ತಿ ಹೋಗಿಲ್ಲ. ಎಡಗಣ್ಣು ದೂರಕ್ಕ ಮಸಕು ಇರೋದ್ರಿಂದ ಟ್ರೇಲರ್ ಎಷ್ಟು ದೂರ ಐತಿ ಅನ್ನೋ ಅಂದಾಜು ಚೂರು ತಪ್ಪತೈತಿ. ಅದಕ್ಕ ಡ್ಯಾಶ್‌ಬೋರ್ಡಿನಾಗ ಒಂದು ಚಷ್ಮಾ ಇಟ್ಟೀನಿ, ಎಡಗಣ್ಣಿಗೆ ಅಷ್ಟೇ ನಂಬರ್ ಇರೋದು. ರಾತ್ರಿ ಅದಿಲ್ಲದ ಗಾಡಿ ಮುಟ್ಟಂಗಿಲ್ಲ. ಹಗಲು ಮುಖಕ್ಕ ಏನೂ ಇಲ್ಲ, ಹೊಲದಾಗ ಬೆವರಿಗೆ ಚಷ್ಮಾ ಜಾರೋ ಕಾಟ ತಪ್ಪೈತಿ. ನನಗ ಅದೇ ಸಾಕಾಗಿತ್ತು.

ನಂಬರ್ ತೆಗೆಯುವವ, ವಿಜಯಪುರ

ನಾನು ಆಪ್ಟೋಮೆಟ್ರಿಸ್ಟ್, ಆಪರೇಷನ್ ಮಾಡುವ ಡಾಕ್ಟರ್ ಅಲ್ಲ. ಆದರೆ ನಿಮ್ಮ ವಯಸ್ಸಿನವರು ಇದೇ ಪ್ರಶ್ನೆ ಹಿಡಿದು ನನ್ನ ಕುರ್ಚಿಗೆ ದಿನಾ ಬರ್ತಾರ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಎಳೆ ನೋಡುವಾಗ ಚಷ್ಮಾ ಹಣೆ ಮೇಲೆ ಏರಿಸ್ತೀನಿ ಅಂದ್ರಲ್ಲ, ಲೇಸರ್ ಮಾಡಿಸಿದರೆ ಕೈಬಿಟ್ಟು ಹೋಗೋದು ಆ ಸೌಕರ್ಯವೇ. ನೂರನ್ನು ನಿಮ್ಮ ನಂಬರಿನಿಂದ ಭಾಗಿಸ್ರಿ. 3.25ಕ್ಕೆ ಸುಮಾರು 31 ಸೆಂಟಿಮೀಟರ್ ಬರ್ತದ. ಅಂದ್ರ ಒಂದು ಅಡಿ ದೂರದಲ್ಲಿ ಹಿಡಿದ ವಸ್ತು ನಿಮ್ಮ ಬರಿಗಣ್ಣಿಗೆ ಯಾವ ಶ್ರಮವೂ ಇಲ್ಲದೆ ಸ್ಪಷ್ಟ. ಖಣ ಹಿಡಿಯೋದೂ ಅಷ್ಟೇ ದೂರಕ್ಕ. ಪೊರೆ ಬರೋತನಕ, ಅರವತ್ತಾದರೂ ಇದು ನಡೀತದ. ನಿಮ್ಮ ಓರಗೆಯ ಚಷ್ಮಾ ಇಲ್ಲದವರೆಲ್ಲ ಈಗ ಓದೋ ಚಷ್ಮಾ ಹುಡುಕ್ಲಿಕತ್ಯಾರ, ನಿಮಗದು ಕಣ್ಣಿನಲ್ಲೇ ಅದ.

ದೂರದ್ದು ಕಾಣದೇ ಇರೋದು ಕಣ್ಣುಗುಡ್ಡೆ ಉದ್ದ ಇದ್ದುದರಿಂದ. ಲೇಸರ್ ಮುಂದಿನ ಪಾರದರ್ಶಕ ಪದರ ಕಾರ್ನಿಯಾವನ್ನು ತುಸು ಚಪ್ಪಟೆ ಮಾಡಿ ಅದನ್ನ ಸರಿದೂಗಿಸ್ತದ. ಚಷ್ಮಾ ಹಾಕಿಕೊಂಡಾಗ ಹತ್ತಿರದ್ದು ಕಾಣದೇ ಇರೋದು ಒಳಗಿನ ಲೆನ್ಸ್ ವಯಸ್ಸಿಗೆ ಗಟ್ಟಿಯಾಗಿ ಬಾಗದೇ ಇರೋದರಿಂದ. ಆ ಲೆನ್ಸನ್ನ ಲೇಸರ್ ಮುಟ್ಟೋದೇ ಇಲ್ಲ. ನಿಮ್ಮಣ್ಣನ ಮಗನ ಲೆನ್ಸ್ ಇನ್ನೂ ಮೆತ್ತಗದ, ಅವನಿಗೆ ಎರಡೂ ಕಂಡವು. ಫೋನಿನಲ್ಲಿ "ಚಷ್ಮಾ ಮರತಬಿಡ್ರಿ" ಅಂದವರು ನಿಮ್ಮ ವಯಸ್ಸು ಕೇಳಿದ್ರೋ ಇಲ್ಲೋ.

ಒಂದು ಪರೀಕ್ಷೆ, ಪುಕ್ಕಟೆ. ನಾಳೆ ಅಂಗಡಿಯಲ್ಲಿ ದೂರದ ಚಷ್ಮಾ ಮೂಗಿನ ಮೇಲೇ ಇಟ್ಟುಕೊಂಡು, ಹಣೆಗೆ ಏರಿಸದೇ ಎಳೆ ನೋಡ್ರಿ. ಪಟ್ಟಿ ಬರೀರಿ, ರೊಕ್ಕ ಎಣಿಸ್ರಿ. ಎರಡೂ ಕಣ್ಣು ಸೊನ್ನೆ ಮಾಡಿಸಿದರೆ ನಿಮ್ಮ ಗಲ್ಲೆ ಹೆಚ್ಚುಕಡಿಮೆ ಹಂಗೇ ಕಾಣ್ತದ. ತುಸು ಇನ್ನೂ ಕಷ್ಟ ಅಂತಲೇ ಇಟ್ಟುಕೊಳ್ರಿ, ಯಾಕಂದ್ರ ಮೈನಸ್ ಗ್ಲಾಸ್ ಕಣ್ಣಿನಿಂದ ದೂರ ಕೂತಿರೋದರಿಂದ ಹತ್ತಿರದ ನೋಟಕ್ಕ ಸ್ವಲ್ಪ ಸಹಾಯ ಮಾಡ್ತದ, ಆ ಸಹಾಯ ಲೇಸರ್ ನಂತರ ಇರೋದಿಲ್ಲ.

ಮುಧೋಳದವರು ಹೇಳಿದ ಮೋನೋವಿಷನ್ ಒಳ್ಳೆಯ ನಡುದಾರಿ. ಆದರೆ ಕಾರ್ನಿಯಾ ಕೊರೆಯೋ ಮೊದಲು ಅದೇ ಲೆಕ್ಕದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಕೆಲವು ದಿನ ಅಂಗಡಿ ನಡೆಸಿ ನೋಡ್ರಿ. ಕೆಲವರ ಮಿದುಳು ಎರಡೇ ದಿನಕ್ಕೆ ಒಗ್ಗಿಕೊಳ್ತದ, ಕೆಲವರಿಗೆ ತಲೆ ಭಾರ ಬಿಡೋದೇ ಇಲ್ಲ. ಲೆನ್ಸ್ ಆದರೆ ತೆಗೆದು ಒಗೀಬಹುದು. ಹತ್ತಿರದ ಕಣ್ಣಿಗೆ ಸಾಮಾನ್ಯವಾಗಿ ಮೈನಸ್ 1.25, 1.5ರಷ್ಟು ಉಳಿಸ್ತಾರ. ಅದೇ ಭಾಗಾಕಾರ ಮಾಡಿದರೆ 80, 67 ಸೆಂಟಿಮೀಟರ್. ಮೊಬೈಲಿಗೆ, ಪಟ್ಟಿಗೆ ನಡೀತದ. ಹಾರಿದ ಎಳೆಗೆ ಸಾಲೋದು ಕಷ್ಟ, ಅದಕ್ಕ ಓದೋ ಗ್ಲಾಸ್ ಬೇಕೇ ಆಗ್ತದ.

ಸುಡೋ ಮಾತು ಕೇಳಿದ್ರಿ. ಇದಕ್ಕ ಬಳಸೋದು ಎಕ್ಸೈಮರ್ ಲೇಸರ್, 193 ನ್ಯಾನೋಮೀಟರಿನ ನೇರಳಾತೀತ ಬೆಳಕು. ಅದು ಕಾಯಿಸಿ ಸುಡೋದಿಲ್ಲ, ಅಣುಗಳ ಬಂಧ ಕಡಿದು ಮೈಕ್ರಾನ್ ಲೆಕ್ಕದಲ್ಲಿ ಪದರ ಹಾರಿಸ್ತದ. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಇದನ್ನ ಕಂಡುಕೊಂಡವರಲ್ಲಿ ನಮ್ಮ ಮದ್ರಾಸ್ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಲೇಸರ್ ಬಿಟ್ಟು ನೋಡಿದ್ರು, ಸುಟ್ಟ ಗುರುತೇ ಇಲ್ಲದ ಗೆರೆ ಬಿತ್ತು. ಇವತ್ತಿನ ಲ್ಯಾಸಿಕ್, ಅಂದ್ರ ಚಷ್ಮಾ ಬಿಡಿಸೋ ಲೇಸರ್ ಆಪರೇಷನ್, ಅಲ್ಲಿಂದ ಬಂದದ್ದು.

ಶುಗರ್ ಅದ ಅಂತ ಮಾಡಿಸಲೇಬಾರದು ಅಂತಿಲ್ಲ, ಹಿಡಿತದಲ್ಲಿರಬೇಕು. ಶುಗರ್ ಏರಿಳಿದರೆ ಚಷ್ಮಾ ನಂಬರೂ ಏರಿಳೀತದ, ಗಾಯ ಮಾಯೋದೂ ನಿಧಾನ. ಪಾಪೆ ಹಿಗ್ಗಿಸಿ ಕಣ್ಣಿನ ಹಿಂದಿನ ಪರದೆ ರೆಟಿನಾ ನೋಡಿಸ್ರಿ, ಅದನ್ನ ಲೇಸರ್ ಮಾಡಿಸದಿದ್ದರೂ ವರ್ಷಾ ನೋಡಿಸಬೇಕು. ಮೈನಸ್ ನಂಬರಿನವರ ರೆಟಿನಾ ಅಂಚು ತೆಳ್ಳಗಿರಬಹುದು, ಲೇಸರಿನಿಂದ ಚಷ್ಮಾ ಹೋದರೂ ಗುಡ್ಡೆಯ ಉದ್ದ ಹೋಗೋದಿಲ್ಲ. ಕಾರ್ನಿಯಾದ ದಪ್ಪ ಮತ್ತು ಆಕಾರದ ನಕ್ಷೆ ತೆಗೆಸದೇ ಯಾರಾದರೂ ದರ ಹೇಳಿದರೆ ಅಲ್ಲಿಂದ ಎದ್ದು ಬರ್ರಿ.

ಇನ್ಶೂರೆನ್ಸ್: ನಂಬರ್ 7.5ಕ್ಕಿಂತ ಕಡಿಮೆ ಇದ್ದರೆ ನಮ್ಮ ದೇಶದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹೊರಗಿಟ್ಟಿರ್ತಾರ. ನಿಮ್ಮದು ಬರೋದಿಲ್ಲ ಅಂತಲೇ ತಿಳೀರಿ.

ಅಕ್ಕೋರು, ಅಥಣಿ

ನನ್ನ ಕತೆ ಬೇರೆ, ಅದಕ್ಕೇ ಬರೀತಿದೀನಿ. ನನಗೆ ಮೈನಸ್ 6 ಇತ್ತು. ಮೇಲಿನವರ ಲೆಕ್ಕದ ಪ್ರಕಾರ ಬರಿಗಣ್ಣಿಗೆ ಸುಮಾರು 17 ಸೆಂಟಿಮೀಟರ್, ಅಂದ್ರೆ ಪುಸ್ತಕ ಮೂಗಿಗೆ ತಾಗಬೇಕು. ಚಷ್ಮಾ ತೆಗೆದರೆ ಹತ್ತಿರದ್ದೂ ಇಲ್ಲ, ದೂರದ್ದೂ ಇಲ್ಲ. ಬಚ್ಚಲಿಗೆ ಹೋದರೆ ಸೋಪು ಕೈಯಿಂದ ತಡವಿ ಹುಡುಕಬೇಕಿತ್ತು. 43ಕ್ಕೆ ಎರಡೂ ಕಣ್ಣು ದೂರಕ್ಕೇ ಮಾಡಿಸಿದೆ, ಓದೋ ಚಷ್ಮಾ ಬೇಕಾಗುತ್ತೆ ಅಂತ ಮೊದಲೇ ತಿಳಿದುಕೊಂಡು. ಈಗ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ತಿದ್ದೋವಾಗ ಪ್ಲಸ್ 2 ಹಾಕ್ತೀನಿ. ಕೊನೇ ಬೆಂಚಿನ ಹುಡುಗ ಏನು ತಿನ್ನುತಿದಾನೆ ಅನ್ನೋದು ಬರಿಗಣ್ಣಿಗೇ ಕಾಣುತ್ತೆ. ನನಗೆ ಇದು ಲಾಭದ ವ್ಯವಹಾರ. ಮೈನಸ್ 3ರವರಿಗೂ ಅಷ್ಟೇ ಲಾಭ ಅಂತ ನಾನು ಹೇಳಲಾರೆ.

ಯಾರೂ ಒತ್ತಿ ಹೇಳದ ವಿಷಯ ಕಣ್ಣು ಒಣಗೋದು. ಕಾರ್ನಿಯಾದ ಸಣ್ಣ ನರಗಳು ಕತ್ತರಿಸಿ ಹೋಗೋದರಿಂದ ಕಣ್ಣೀರು ಕಡಿಮೆ ಆಗುತ್ತೆ ಅಂತ ಡಾಕ್ಟರ್ ಹೇಳಿದ್ದರು. ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಸರಿ ಹೋಗುತ್ತಂತೆ. ನನಗೆ ಅದರ ಹಿಂದೆಯೇ ಮುಟ್ಟು ನಿಲ್ಲೋ ಕಾಲವೂ ಬಂತು, ಆ ವಯಸ್ಸಿಗೆ ಹೆಂಗಸರ ಕಣ್ಣು ಹೇಗೂ ಒಣಗುತ್ತೆ. ಏಪ್ರಿಲ್ ಬಿಸಿಲಲ್ಲಿ ಫ್ಯಾನಿನ ಕೆಳಗೆ ಕೂತರೆ ಮರಳು ಬಿದ್ದ ಹಾಗೆ ಚುಚ್ಚುತ್ತೆ. ಡ್ರಾಪ್ಸ್ ಪರ್ಸಿನಲ್ಲಿ ಇದ್ದೇ ಇರುತ್ತೆ. ಈ ಚರ್ಚೆಯಲ್ಲಿ ನನ್ನ ವಯಸ್ಸಿನ ಅಕ್ಕತಂಗಿಯರು ಓದ್ತಾ ಇದ್ದರೆ, ಕಣ್ಣೀರಿನ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ರೆಪ್ಪೆಯೊಳಗೆ ಕಾಗದದ ಪಟ್ಟಿ ಇಟ್ಟು ಐದು ನಿಮಿಷ ಕೂರಿಸ್ತಾರೆ, ಅಷ್ಟೇ.

ಖಣದಂಗಡಿ, ಗುಳೇದಗುಡ್ಡ

ವಿಜಯಪುರದವರು ಹೇಳಿದ ಪುಕ್ಕಟೆ ಪರೀಕ್ಷಾ ಮಾಡಿದ್ನಿರಿ. ಚಷ್ಮಾ ಮೂಗಿನ ಮ್ಯಾಲೇ ಇಟ್ಟು ಸೂರ್ಯನಾರಾಯಣದ ಖಣ ಹಿಡದೆ. ಕೈ ಪೂರ್ತಿ ಚಾಚಿದ್ರ ಚಿತ್ತಾರ ಕಾಣತೈತಿ, ಎಳಿ ಕಾಣಂಗಿಲ್ಲ. ಹತ್ರ ತಂದ್ರ ಎರಡೂ ಇಲ್ಲ. ಎದುರಿಗಿದ್ದ ನೇಕಾರರು "ಏನ್ರಿ, ರೇಟ್ ಇಳಿಸೋ ಹಂಚಿಕಿ ಏನು?" ಅಂದ್ರು.

ಎರಡೂ ಕಣ್ಣು ಸೊನ್ನೆ ಮಾಡ್ಸೋದು ಬಿಟ್ಟೆ. ಮಾಲು ನೋಡೋದೇ ನನ್ನ ಕಸುಬು, ಅದಕ್ಕ ಹೊಸಾ ಚಷ್ಮಾ ಹಾಕ್ಕೊಳ್ಳಾಕ ಎಂಬತ್ತು ಸಾವಿರ ಯಾಕ ಕೊಡ್ಲಿ? ಮೋನೋವಿಷನ್ ಲೆನ್ಸ್ ಹಾಕಿ ನೋಡೋಣಂತ ಮನಸ್ಸೈತಿ, ಆದ್ರ ಶುಗರ್ ಇದ್ದವರು ಲೆನ್ಸ್ ಹಾಕಬೌದೇನು? ಮತ್ತ, ನನ್ನ ವಯಸ್ಸಿಗೆ ಲೇಸರ್ ಬದಲಿ ನೇರ ಪೊರೆ ಆಪರೇಷನ್ನಿನ ಲೆನ್ಸೇ ಹಾಕಿಸ್ಕೊಳ್ರಿ ಅಂತ ನಮ್ಮ ಭಾವ ಹೇಳ್ತಾನ. ಅದೇನ್ರಿ?

ನಂಬರ್ ತೆಗೆಯುವವ, ವಿಜಯಪುರ

ಹಾಕಬಹುದು, ಶುಗರ್ ಹಿಡಿತದಲ್ಲಿದ್ದು ಡಾಕ್ಟರ್ ಒಪ್ಪಿದರೆ. ದಿನಕ್ಕೊಂದು ಹಾಕಿ ಒಗೆಯೋ ಲೆನ್ಸ್ ತೊಗೊಳ್ರಿ. ಕೈ ತೊಳೆಯದೇ ಮುಟ್ಟಬ್ಯಾಡ್ರಿ, ಹಾಕಿಕೊಂಡು ಮಲಗಬ್ಯಾಡ್ರಿ, ನಳದ ನೀರಿನಲ್ಲಿ ತೊಳೀಬ್ಯಾಡ್ರಿ. ಕಣ್ಣು ಕೆಂಪಾಗಿ ನೋವು ಬಂದರೆ ಆ ಕ್ಷಣ ತೆಗೆದು ಡಾಕ್ಟರ್ ಹತ್ರ ಹೋಗ್ರಿ. ಮೊದಮೊದಲು ಅವನ್ನ ಹಾಕಿಕೊಂಡು ಗಾಡಿ ಹೊಡೀಬ್ಯಾಡ್ರಿ.

ಭಾವ ಹೇಳೋದು ಒಳಗಿನ ಸ್ವಂತ ಲೆನ್ಸ್ ತೆಗೆದು ಕೃತಕ ಲೆನ್ಸ್ ಇಡೋದು. ಪೊರೆ ಇದ್ದರೆ ಅದು ಬೇಕೇ ಬೇಕು. ಪೊರೆ ಇಲ್ಲದ 47ರ ಮೈನಸ್ ಕಣ್ಣಿಗೆ ಅವಸರ ಮಾಡಬಾರದು, ಒಳಗೆ ಕೈ ಹಾಕಿದರೆ ರೆಟಿನಾ ಕಳಚೋ ಅಪಾಯ ನಿಮ್ಮಂಥವರಿಗೆ ತುಸು ಜಾಸ್ತಿ. ಅಂದಹಾಗ, ಮುಧೋಳದವರೂ ಅಥಣಿ ಅಕ್ಕೋರೂ ಲೇಸರಿಗಿಂತ ಮೊದಲಿನ ಕಾಗದಗಳನ್ನ ಜೋಪಾನ ಮಾಡಿ ಇಟ್ಟೀರೇನು? ಹಳೆಯ ನಂಬರ್, ಕಾರ್ನಿಯಾದ ಅಳತೆ ಇರೋವು. ಮುಂದೆ ಪೊರೆ ಆಪರೇಷನ್ ವೇಳೆ ಲೆನ್ಸಿನ ಪವರ್ ಲೆಕ್ಕ ಹಾಕಲಿಕ್ಕೆ ಅವು ಬೇಕಾಗ್ತಾವ, ಲೇಸರ್ ಆದ ಕಾರ್ನಿಯಾದ ಮೇಲೆ ಮಾಮೂಲಿ ಸೂತ್ರ ತಪ್ಪು ತೋರಿಸ್ತದ.

ಕಬ್ಬಿನ ಸೀಮಿ, ಮುಧೋಳ

ನನ್ನ ಕಾಗದ ಎಲ್ಲಿ ಅದಾವೋ ನೋಡಬೇಕು. ಹೊಲದ ಉತಾರದ ಫೈಲಿನಾಗ ಇರಬೇಕು.