ಜೇನು ಸಾಕಣೆ ಗುಂಪು: ಕೀಟತಜ್ಞೆ ಸುಮಾ ಅವರಿಗೆ ನಿಮ್ಮ ಪ್ರಶ್ನೆಗಳು

ಮಂಜುನಾಥ, ಶಿರಸಿ: ಮೇಡಂ, ರಾಣಿ ಸತ್ತು ಮೂರು ವಾರ ಆಯ್ತು. ಈಗ ಒಂದೊಂದು ಕೋಣೆಯಲ್ಲಿ ಎರಡು, ಮೂರು ಮೊಟ್ಟೆ ಇವೆ. ಹೊಸ ರಾಣಿ ಬಂದಿದೆಯಾ?

ಡಾ. ಸುಮಾ: ಇಲ್ಲ, ಕೆಲಸಗಾರ ನೊಣಗಳೇ ಇಡುತ್ತಿವೆ. ಅವುಗಳಿಂದ ಗಂಡು ನೊಣ ಮಾತ್ರ ಹುಟ್ಟುತ್ತವೆ. ರಾಣಿಯ ವಾಸನೆ ಇಲ್ಲವಾದರೆ ಕೆಲಸಗಾರರಲ್ಲಿ ಡೋಪಮೈನ್ ಎಂಬ ರಾಸಾಯನಿಕ ಏರುತ್ತದೆ, ಅಂಡಾಶಯ ಬೆಳೆಯುತ್ತದೆ. ರಾಣಿ ಇರುವ ಬಲವಾದ ಪೆಟ್ಟಿಗೆಗೆ ಸೇರಿಸಿಬಿಡಿ.

ಶೋಭಾ, ಪುತ್ತೂರು: ಡೋಪಮೈನ್ ತಲೆಯೊಳಗಿನದ್ದಲ್ವಾ? ಅಂಡಾಶಯಕ್ಕೂ ಅದಕ್ಕೂ ಏನು ಸಂಬಂಧ?

ಡಾ. ಸುಮಾ: ಡೋಪಮೈನ್ ಹಿಡಿಯುವ ಗ್ರಾಹಕಗಳು ಅಂಡಾಶಯದಲ್ಲೂ ಇವೆ. ನೊಣದ ಅಂಗಗಳು ರಕ್ತದಲ್ಲೇ ಮುಳುಗಿರುತ್ತವೆ. ರಕ್ತಕ್ಕೆ ಬಂದದ್ದು ಎಲ್ಲ ಅಂಗಕ್ಕೂ ತಾಗುತ್ತದೆ.

ರಮೇಶ್, ಮಡಿಕೇರಿ: ದನದ ಉಣ್ಣಿಗೆ ಹಾಕುವ ಅಮಿಟ್ರಾಜ್ ಬಟ್ಟೆಗೆ ಅದ್ದಿ ಪೆಟ್ಟಿಗೆಯಲ್ಲಿಟ್ಟರೆ ನೊಣದ ಮೈಗೆ ಅಂಟುವ ವರೋವಾ ನುಸಿ ಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿನ್ನೆ ಇಟ್ಟೆ. ಇವತ್ತು ನೊಣಗಳು ರೆಕ್ಕೆ ನಡುಗಿಸಿ ಬಾಗಿಲಲ್ಲಿ ಬೀಳ್ತಿವೆ.

ಡಾ. ಸುಮಾ: ಓದಿದ ಕೂಡಲೇ ಬಟ್ಟೆ ತೆಗೆಯಿರಿ, ಗ್ಲೌಸ್ ಹಾಕಿಕೊಂಡು. ಆ ಪೆಟ್ಟಿಗೆಯ ಜೇನು ತಿನ್ನಬೇಡಿ, ಮಾರಬೇಡಿ.

ಅಮಿಟ್ರಾಜ್ ಕೆಲಸ ಮಾಡುವುದು ಆಕ್ಟೋಪಮೈನ್ ಎಂಬ, ಡೋಪಮೈನ್‌ನಂಥ ಇನ್ನೊಂದು ರಾಸಾಯನಿಕದ ಗ್ರಾಹಕಗಳ ಮೇಲೆ. ಮನೆಯೊಳಗೆ ಮರಿ ನೋಡಿಕೊಳ್ಳುವ ನೊಣಗಳಿಗಿಂತ ಹೊರಗೆ ಮಕರಂದ ತರುವ ನೊಣಗಳ ಮೆದುಳಲ್ಲಿ ಆಕ್ಟೋಪಮೈನ್ ಜಾಸ್ತಿ. ಅದನ್ನು ತಿನ್ನಿಸಿದರೆ ಎಳೆಯ ನೊಣಗಳೂ ಬೇಗ ಹೊರಗೆ ಹೋಗುತ್ತವೆ. ಆದರೆ ಅದು ತಲೆಗೆ ಮಾತ್ರ ಸೇರಿದ್ದಲ್ಲ. ಹೃದಯದ ಬಡಿತ, ಹಾರುವ ಸ್ನಾಯು, ಎರಡಕ್ಕೂ ಅದು ಬೇಕು. ವರೋವಾದ ಗ್ರಾಹಕ ನೊಣದ್ದಕ್ಕಿಂತ ಬೇಗ ಸ್ಪಂದಿಸುತ್ತದೆ, ಹಾಗಾಗಿ ಅಳತೆಯ ಔಷಧದಲ್ಲಿ ನೊಣ ಉಳಿಯುತ್ತದೆ. ಕೈಯಳತೆಯಲ್ಲಿ ಸುರಿದರೆ ಆ ಅಂತರ ಉಳಿಯುವುದಿಲ್ಲ. ದನದ ಔಷಧದಲ್ಲಿರುವ ದ್ರಾವಕವೂ ನೊಣಕ್ಕೆ ವಿಷ.

ನಿಮ್ಮದು ನಮ್ಮ ನಾಡಿನ ತುಡುವೆ ಜೇನೋ, ಹೊರಗಿಂದ ತಂದ ಮೆಲಿಫೆರಾವೋ? ತುಡುವೆಯಾದರೆ ಔಷಧವೇ ಬೇಕಿರಲಿಲ್ಲ. ಅದರಲ್ಲಿ ವರೋವಾ ಹೆಚ್ಚಾಗಿ ಗಂಡುಮರಿಯ ಕೋಣೆಯಲ್ಲೇ ಬೆಳೆಯುತ್ತದೆ.

ನಾಗೇಶ್, ಹಾಸನ: ವಿದೇಶದಲ್ಲಿ ಅಮಿಟ್ರಾಜ್ ಪಟ್ಟಿ ಹಾಕ್ತಾರೆ. ಸುಮ್ನೆ ಹೆದರಿಸಬೇಡಿ.

ಶೋಭಾ: ಅದು ಅಳತೆ ಇಟ್ಟು ಮಾಡಿದ ಪಟ್ಟಿ. ಅವರು ಬರೆದದ್ದನ್ನು ಓದಿ.

ನಾಗೇಶ್: ನಿಮ್ಮನ್ನು ಕೇಳಲಿಲ್ಲ.

ಲತಾ, ಸಾಗರ: ಇರುವೆಗಳಲ್ಲೂ ಇವೇ ರಾಸಾಯನಿಕ ಇರುತ್ತಾ?

ಪ್ರಕಾಶ್, ಚಿಕ್ಕಮಗಳೂರು: ಸಕ್ಕರೆ ಪಾಕಕ್ಕೆ ಕಾಫಿ ಡಿಕಾಕ್ಷನ್ ಸೇರಿಸಿದರೆ ನೊಣ ಚುರುಕಾಗುತ್ತಂತೆ. ಫಾರ್ವರ್ಡ್ ಬಂತು.

ಡಾ. ಸುಮಾ: ಬೇಡ. ಕಾಫಿ ಹೂವಿನ ಮಕರಂದದಲ್ಲಿ ಕೆಫೀನ್ ಇರುವುದು ತೀರಾ ಕಡಿಮೆ. ಅಷ್ಟರಲ್ಲೇ ನೊಣಕ್ಕೆ ಹೂವಿನ ವಾಸನೆ ಚೆನ್ನಾಗಿ ನೆನಪಿರುತ್ತದೆ. ಡಿಕಾಕ್ಷನ್ ಬೇರೆ ಮಾತು. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಸುರೇಶ್, ಶಿರಸಿ: ರಾಣಿ ಇಲ್ಲ, ಆದರೂ ಮೊಟ್ಟೆ ಇದೆ. ಯಾಕೆ?

ಡಾ. ಸುಮಾ: ಮೇಲೆ ಮೊದಲ ಉತ್ತರ.

ನಾಗೇಶ್: ಉತ್ತರ ಕೊಡಲು ಇಷ್ಟವಿಲ್ಲದಿದ್ದರೆ ಗುಂಪು ಯಾಕೆ?

ಡಾ. ಸುಮಾ: ರಮೇಶ್, ತುಡುವೆಯೋ ಮೆಲಿಫೆರಾವೋ? ಬಟ್ಟೆ ತೆಗೆದಿರಾ?