59 ವರ್ಷದ ರಾಬರ್ಟ್ ಪ್ಲಾಂಟ್ ದನಿ: ಸೆಲೆಬ್ರೇಶನ್ ಡೇ ಕೇಳಿದವ್ರು ಜರಾ ಹೇಳ್ರಿ

ಗಂಜ್_ಹುಡ್ಗ (ಕಲಬುರಗಿ):
ಎಲ್ಲಾರಿಗೂ ನಮಸ್ಕಾರ್ರಿ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್ ಕೇಳೋರು ನಮ್ಮ ಕಡಿ ಎಷ್ಟ್ ಮಂದಿ ಅದಾರೋ ಏನೋ, ಇದ್ದವ್ರರೆ ಒಂದ್ ಮಾತು ಹೇಳ್ರಿ. ಸೆಲೆಬ್ರೇಶನ್ ಡೇ ಅಂತ ಅವ್ರ ಲೈವ್ ಆಲ್ಬಮ್ ಅದ ಅಲ್ರಿ, 2007ರ ಡಿಸೆಂಬರ್ 10ಕ್ಕ ಲಂಡನ್ ಓ2 ಅರೀನಾದಾಗ ಆದ ಶೋ, ಆಲ್ಬಮ್ ಆಗಿ ಹೊರಗ ಬಂದಿದ್ದು 2012ಕ್ಕ. ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿದ ಅಹ್ಮೆತ್ ಎರ್ಟೆಗನ್ ತೀರ್ಕೊಂಡಿದ್ದಕ್ಕ ಅವರ ನೆನಪಿಗಂತ ಮಾಡಿದ್ದು. ಅದನ್ನ ಹೆಡ್‌ಫೋನ್ ಹಾಕ್ಕೊಂಡು ಹದಿನಾರೂ ಹಾಡು ಕುಂತ್ ಕಡಿ ಕುಂತು ಕೇಳ್ದೆ, ನಂಗಂತೂ ಭಾಳ ಸೇರ್ತು.

ಆದ್ರ ನಮ್ಮ ಕಾಕಾ ಒಪ್ಪವಲ್ರು. ಅವ್ರು ಹೈದರಾಬಾದ್‌ದಾಗ ಓದೋವಾಗ ಕೋಠಿ ಫುಟ್‌ಪಾತ್ ಮ್ಯಾಲ ಕ್ಯಾಸೆಟ್ ಹುಡುಕಿ ಹುಡುಕಿ ತಂದು ಕೇಳಿದವ್ರು. ಎರಡೇ ಹಾಡು ಕೇಳಿ ಹೆಡ್‌ಫೋನ್ ತೆಗೆದು ಟೇಬಲ್ ಮ್ಯಾಲ ಇಟ್ಟು "ದನಿ ಖಲ್ಲಾಸ್ ಆಗ್ಯಾದ, ಹಳೀ ಹೆಸರಿನ ಮ್ಯಾಲ ನಡ್ಸ್ಯಾರ" ಅಂದ್ರು. ಅವ್ರ ಅಳತಿ ಎಲ್ಲಾ ಹೌ ದ ವೆಸ್ಟ್ ವಾಸ್ ವನ್ ಅಂತ ಇದೇ ಬ್ಯಾಂಡಿನ ಇನ್ನೊಂದು ಲೈವ್ ಆಲ್ಬಮ್, ಅದು 1972ರ ರೆಕಾರ್ಡಿಂಗ್, ಬ್ಯಾಂಡಿನ ಹಾಡುಗಾರ ಪ್ಲಾಂಟ್‌ಗ ಆವಾಗ 23 ವರ್ಷ. 2007ಕ್ಕ 59. ಹಂಗಾದ್ರ ಇಂಥಾ ಹಳೇ ಹಾಡುಗಾರರ ಲೈವ್ ರೆಕಾರ್ಡಿಂಗ್ ಹೆಂಗ ತೂಗಬೇಕ್ರಿ, 23ರ ದನಿ ಬಾಜೂಕ ಇಟ್ಟು ತೂಗಬೇಕೋ ಇಲ್ಲಾ ಆ ಒಂದ್ ರಾತ್ರಿ ಹೆಂಗ ಹಾಡ್ಯಾನ ಅಷ್ಟೇ ನೋಡಬೇಕೋ? ಸುಮ್ಮ "ಸೂಪರ್ ಬ್ರೋ" ಅಂತ ಬರೀಬ್ಯಾಡ್ರಿ, ಕಾಕಾಗ ತೋರ್ಸೋದದ.

ಆರು_ತಂತಿ (ಬೀದರ್):
ಕಾಕಾರದು ಅರ್ಧ ಖರೇ ಅದರೀ. ಮೊದ್ಲು ಸುರ್ ವಿಷಯ ನೋಡ್ರಿ, ಆ ಶೋದಾಗ ಕೆಲವು ಹಾಡು ಹಳೀ ಸುರಿಗಿಂತ ಇಳಿಸಿ ನುಡಿಸ್ಯಾರ. ಗಿಟಾರ್ ತಗೊಂಡು ಸ್ಟುಡಿಯೋ ರೆಕಾರ್ಡ್ ಜೋಡಿ ನುಡಿಸಿ ನೋಡ್ರಿ, ಆಮ್ಯಾಲ ಇದರ ಜೋಡಿ, ಕೂಡಲ್ಲ. ಇದ್ರಾಗ ನಾಚಿಕಿ ಏನದ ಹೇಳ್ರಿ, ನಮ್ಮ ಭಜನಿ ಮಂದಿ ವಯಸ್ಸಾದ ಮ್ಯಾಲ ಪೆಟಗಿ (ಹಾರ್ಮೋನಿಯಂ) ಮುಂದ ಕುಂತು ಕಪ್ಪು ಎರಡು ಬಿಟ್ಟು ಕಪ್ಪು ಒಂದು ಹಿಡೀತಾರಲ್ಲ, ಅದೇ. ಇನ್ನೊಂದು ಲಾಭನೂ ಅದ, ಸುರ್ ಇಳಿಸಿದ್ರ ಗಿಟಾರ್ ತಂತಿ ಸಡ್ಲ ಆಗಿ ದನಿಗಿ ತೂಕ ಬರ್ತದ, ಅದಕ್ಕೇ ಈ ಆಲ್ಬಮ್‌ದಾಗ ಗಿಟಾರಿಸ್ಟ್ ಜಿಮ್ಮಿ ಪೇಜ್‌ನ ಗಿಟಾರ್ 1972ಕ್ಕಿಂತ ದಪ್ಪ ಕೇಳ್ತದ.

ಎರಡ್ನೇದು, ವಯಸ್ಸಾಯ್ತು ಅಂತ ದನಿ ಹೋಯ್ತು ಅಂಬೋದು ಸರಿ ಅಲ್ರಿ. 1985ರ ಜುಲೈ 13ಕ್ಕ ಲೈವ್ ಏಡ್ ಅಂತ ಸಹಾಯಾರ್ಥ ಶೋದಾಗ, ಅಮೆರಿಕಾದ ಫಿಲಡೆಲ್ಫಿಯಾದಾಗ, ಇವ್ರೇ ಸೇರಿ ಹಾಡ್ಯಾರ, ಡ್ರಮ್ಸ್‌ಗ ಫಿಲ್ ಕಾಲಿನ್ಸ್, ಟೋನಿ ಥಾಂಪ್ಸನ್. ಆವಾಗ ಪ್ಲಾಂಟ್‌ಗ 36. ಗಂಟಲು ಕಟ್ಟಿತ್ತು, ಪೇಜ್ ಗಿಟಾರ್ ಸುರ್ ತಪ್ಪಿತ್ತು, 2004ಕ್ಕ ಲೈವ್ ಏಡ್ ಡಿವಿಡಿ ಬಂದಾಗ ಅದನ್ನ ಹಾಕಾಕ ಇವ್ರೇ ಒಪ್ಪಲಿಲ್ಲ. 36ಕ್ಕ ಬಿದ್ದ ದನಿ 59ಕ್ಕ ಎದ್ದದ ಅಂದ್ರ ತಯಾರಿ ಮಾಡ್ಯಾರಂತ ತಿಳೀರಿ. ಶೋ ಮೊದ್ಲು ನವೆಂಬರ್ 26ಕ್ಕ ಇತ್ತು, ಪೇಜ್ ಕೈಬೆರಳು ಮುರ್ಕೊಂಡಿದ್ದಕ್ಕ ಎರಡು ವಾರ ಮುಂದ ಹೋಯ್ತು, ಅದೂ ಚಲೋನೇ ಆಗಿರಬೇಕು.

ಮೈಕ್‌ಸೆಟ್_ಮನಿ (ಶಹಾಬಾದ್):
ನಾ ರಾಕ್ ಭಾಳ ಕೇಳಲ್ರಿ, ಆದ್ರ ಜಾತ್ರಿ, ನಾಟಕ, ಭಜನಿಗಿ ಮೈಕ್‌ಸೆಟ್ ಹಚ್ಚಾವ, ರೆಕಾರ್ಡಿಂಗ್ ಮಾತಿಗಷ್ಟೇ ಬರ್ತೀನಿ. ಮೊನ್ನಿ ಒಬ್ಬ ಗಿರಾಕಿ "ಲೈವ್ ಅಂದ್ರ ಇದ್ದದ್ದು ಇದ್ದಂಗ" ಅಂದ, ನಕ್ಕು ಸುಮ್ಮನಾದೆ. ಪ್ರತಿ ಮೈಕ್ ಬ್ಯಾರೆ ಬ್ಯಾರೆ ಟ್ರ್ಯಾಕ್‌ನಾಗ ತುಂಬ್ಕೋತಾರ, ಮಂದಿ ಕಡಿ ಮುಖ ಮಾಡಿ ಎರಡ್ಮೂರು ಮೈಕ್ ಬ್ಯಾರೆ ಇರ್ತಾವ, ಚಪ್ಪಾಳಿ ಎಷ್ಟು ಬೇಕೋ ಅಷ್ಟು ಏರಿಸ್ತಾರ. ನಿಮ್ಮ ಕಾಕಾರ ಅಳತಿ ಆಲ್ಬಮ್ ಅಂತೀರಲ್ಲ, ಅದರ ಬಗ್ಗೆ ಓದಿ ನೋಡ್ದೆ, 1972ರ ಜೂನ್ 25ಕ್ಕ ಲಾಸ್ ಏಂಜಲೀಸ್ ಶೋ, 27ಕ್ಕ ಲಾಂಗ್ ಬೀಚ್ ಶೋ, ಎರಡೂ ಕತ್ತರಿಸಿ ಜೋಡಿಸಿ 2003ಕ್ಕ ಒಂದೇ ರಾತ್ರಿ ಅನ್ನಂಗ ಮಾಡ್ಯಾರ. ಅಂದ್ರ 23ರ ಪ್ಲಾಂಟ್‌ಗ ಎರಡು ರಾತ್ರಿ ಸಿಕ್ಕಾವ, ಚಲೋ ಇದ್ದದ್ದು ಆರಿಸ್ಕೊಂಡ್ರು. 59ರವಗ ಒಂದೇ ರಾತ್ರಿ. ಅವತ್ತು ಕೆಟ್ಟದ್ದಕ್ಕ ಬ್ಯಾರೆ ರಾತ್ರಿದು ತಂದು ಹಚ್ಚಾಕ ಶೋನೇ ಇಲ್ಲ. ಮುಂದ ಟೂರ್ ಮಾಡ್ರಿ ಅಂತ ಎಲ್ಲಾರೂ ಬೆನ್ನು ಹತ್ತಿದ್ರೂ ಪ್ಲಾಂಟ್ ಒಲ್ಲೆ ಅಂದ.

ಸ್ಟುಡಿಯೋದಾಗ ಕುಂತು ತಿರಗ ಹಾಡಿ ಸೇರ್ಸಬಹುದಲ್ಲ ಅಂತ ಕೇಳಬಹುದು ನೀವು. ಅಷ್ಟು ಹಗುರಿಲ್ರಿ. ಡ್ರಮ್ ಮ್ಯಾಲ ತೂಗಬಿಟ್ಟ ಮೈಕಿನ್ಯಾಗ ಹಾಡುಗಾರನ ದನಿನೂ ನುಗ್ಗಿರ್ತದ, ಪೂರಾ ಸಾಲು ಬದ್ಲಿಸಿದ್ರ ಹಿಂದಿಂದ ಹಳೀ ದನಿ ಸಣ್ಣಗ ಬರ್ತಿರ್ತದ. ಕಿವಿ ಇದ್ದವ್ರಿಗಿ ಸಿಗ್ತದ.

ಯಾದಗಿರಿ_ಬೆಟ್ಟ:
ನಾ ಕಾಕಾ ಕಡಿ. ಎಲ್ಲಾರೂ ಏನೇನ್ ಹಾಡ್ಯಾರ ಅಂತ ಹೇಳ್ಲಾಕತ್ತೀರಿ, ಏನ್ ಹಾಡಿಲ್ಲ ಅದನ್ನ ನೋಡ್ರಿ. ಇಮಿಗ್ರಂಟ್ ಸಾಂಗ್ ಎಲ್ಲದ? 72ರ ಆಲ್ಬಮ್‌ದಾಗ ಶುರುವೇ ಅದು, ಆ ಚೀರು ಕೇಳಿದ್ರ ಮೈ ಜುಮ್ ಅಂತದ. 2007ಕ್ಕ ಲಿಸ್ಟಿನ್ಯಾಗೇ ಇಲ್ಲ. ಕಮ್ಯುನಿಕೇಶನ್ ಬ್ರೇಕ್‌ಡೌನ್ ಇಲ್ಲ. ಚೀರೋ ಹಾಡು ಬಿಟ್ಟು ಉಳಿದದ್ದು ಹಾಡಿ "ದನಿ ಚಲೋ ಅದ" ಅಂದ್ರ ಇದೇನ್ ಲೆಕ್ಕರೀ. ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್‌ದಾಗ ಡ್ರಮ್ ಬಾರ್ಸೋ ಜೇಸನ್ ಬೋನಮ್ ಹಿಂದಿಂದ ದನಿ ಕೂಡಸ್ತಾನ. ಮಜಾ ಇಲ್ಲ ಅಂತಿಲ್ಲ ನಾ, ಟಿಕೆಟ್‌ಗ ಎರಡು ಕೋಟಿ ಅರ್ಜಿ ಬಂದ್ವು ಅಂತ ಸುದ್ದಿ ಇತ್ತಲ್ಲ, ಆ ಗದ್ದಲದಾಗ ಎಲ್ಲಾರಿಗೂ ಎಲ್ಲಾನೂ ಚಲೋನೇ ಕೇಳಿಸ್ಯಾದ.

ಆರು_ತಂತಿ (ಬೀದರ್):
ಬೆಟ್ಟದಣ್ಣಾ, ಹಾಡು ಆರಿಸೋದೂ ಹಾಡುಗಾರಿಕೀನೇ ಅಲ್ಲೇನು? ಯಾವ ಸುರಕ್ಕ ಕೈ ಹಾಕಬಾರ್ದು ಅಂತ ತಿಳಿದವ್ನೇ ಮುದುಕಾದ ಮ್ಯಾಲ ಉಳಿಯಾವ. ಇಮಿಗ್ರಂಟ್ ಸಾಂಗ್ ಹಾಡಿ ಗಂಟಲು ಒಡಕೊಂಡಿದ್ರ ನೀವೇ ಮೊದ್ಲು ನಗ್ತಿದ್ರಿ.

ಸಿನ್ಸ್ ಐ ಹ್ಯಾವ್ ಬೀನ್ ಲವಿಂಗ್ ಯು ಹಚ್ಚಿ ಕಣ್ಣು ಮುಚ್ಕೊಂಡು ಒಂದೊಂದು ಸಾಲಿನ ಕೊನಿ ಕೇಳ್ರಿ, ಬಾಕಿ ಬಿಡ್ರಿ. ದನಿ ಮುಗೀತದೋ ಇಲ್ಲೋ ಅಂಬೋದು ಸಾಲಿನ ಶುರುವಿನ್ಯಾಗ ಗೊತ್ತಾಗಲ್ಲ, ಕೊನಿಗಿ ಉಸಿರು ಕಮ್ಮಿ ಬಿದ್ದಾಗ ಸುರ್ ಕೆಳಗ ಜಾರ್ತದೇನು ಅಲ್ಲಿ ಗೊತ್ತಾಗ್ತದ. ಇಂವ ಅಲ್ಲಿ ಜಾರಲ್ಲ. 23ಕ್ಕ ಮ್ಯಾಲ ಹೋಗಿ ಚೀರೋ ಜಾಗಾದಾಗ ಇಲ್ಲಿ ಸುರ್ ನಡುವೇ ಹಿಡಿದು ಶಬ್ದ ಎಳೀತಾನ, ಆಮ್ಯಾಲ ಬಾಯಿ ಮುಚ್ಚಿ ಪೇಜ್‌ಗ ಬಿಡ್ತಾನ, ಆ ಚೀರು ಗಿಟಾರ್ ಮಾಡ್ತದ. ನಂಗ ಆ ಹಾಡಿನ್ಯಾಗ 72ರದಕ್ಕಿಂತ ಇದೇ ಸೇರ್ತದ, ಬೈತೀರೋ ಬೈರಿ. ಕಾಶ್ಮೀರ್‌ನೂ ಹಂಗೇ, ಉದ್ದನ್ನ ನಡು ಸುರಿನ ಹಾಡು, ವಯಸ್ಸಾದ ದನಿಗಿ ಹೊಲಿದಂಗ ಅದ. ಸ್ಟೇರ್‌ವೇ ಟು ಹೆವನ್ ಮಾತ್ರ ನಂಗ ಸಪ್ಪ ಅನಸ್ತು, ಮಂದಿ ಕೇಳ್ತಾರಂತ ಹಾಡಿ ಮುಗಿಸ್ಯಾನ.

ಫಾರ್ ಯುವರ್ ಲೈಫ್ ಕೇಳೀರೇನು? ಅದು 1976ರ ಪ್ರೆಸೆನ್ಸ್ ಆಲ್ಬಮ್ ಹಾಡು, ಸ್ಟೇಜ್ ಮ್ಯಾಲ ಪೂರಾ ನುಡಿಸಿದ್ದು ಇದೇ ರಾತ್ರಿ ಮೊದ್ಲು. ಅದಕ್ಕ ಹೋಲ್ಸಾಕ ಹಳೀ ಲೈವೇ ಇಲ್ಲ. ಕಾಕಾಗ ಬಾಕಿ ಏನೂ ಹೇಳ್ದೆ ಅದೊಂದೇ ಹಚ್ಚಿ ಕೊಡ್ರಿ.

ಯಾದಗಿರಿ_ಬೆಟ್ಟ:
ಹಾಡುಗಾರಿಕಿ ಅಂತ ಒಪ್ಪೀನಿ, ದನಿ ಅಂತ ಒಪ್ಪಲ್ಲ. ಎರಡೂ ಬ್ಯಾರೆ.

ಮೈಕ್‌ಸೆಟ್_ಮನಿ (ಶಹಾಬಾದ್):
ಅದು ಖರೇ. ಮತ್ತ ಫೋನ್ ಸ್ಪೀಕರ್‌ನಾಗ ಹಚ್ಚಿ ಕೊಡಬ್ಯಾಡ್ರಿಪಾ, ಬ್ಯಾಂಡಿನ್ಯಾಗ ಬೇಸ್ ಗಿಟಾರ್ ನುಡಿಸೋ ಜೋನ್ಸ್‌ನ ಬೇಸ್ ಪೂರಾ ಹೋಗ್ತದ, ಬೇಸ್ ಇಲ್ದೆ ಕೇಳಿದ್ರ ಎಂಥಾ ದನಿನೂ ತೆಳ್ಳಗ ಅನಸ್ತದ.

ಗಂಜ್_ಹುಡ್ಗ (ಕಲಬುರಗಿ):
ಹಚ್ಚಿ ಕೊಟ್ಟೆರಿ, ದೊಡ್ಡ ಸ್ಪೀಕರ್‌ನಾಗೇ. ಫಾರ್ ಯುವರ್ ಲೈಫ್ ಪೂರಾ ಕೇಳಿದ್ರು, ನಡುವ ಏಳಲಿಲ್ಲ. ಪ್ಲಾಂಟ್ ಬಗ್ಗೆ ಒಂದ್ ಮಾತೂ ಆಡಲಿಲ್ಲ. "ಡ್ರಮ್ ಬಾರ್ಸೋ ಹುಡ್ಗ ಯಾರು, ಭಾಳ ಚಲೋ ಬಾರ್ಸ್ಯಾನ" ಅಂದ್ರು. 1980ಕ್ಕ ತೀರ್ಕೊಂಡ ಇವ್ರ ಹಳೀ ಡ್ರಮ್ಮರ್ ಜಾನ್ ಬೋನಮ್ ಮಗ ಅಂದೆ. ಹೌದಾ ಅಂತ ತಿರಗ ಹಚ್ಚಾಕ ಹೇಳಿದ್ರು.

ಯಾದಗಿರಿ_ಬೆಟ್ಟ:
ಆ ಹುಡ್ಗಗ ಅವತ್ತಿಗೇ 41 ವರ್ಷ ಅಂತ ಕಾಕಾಗ ಹೇಳ್ರಿ 😄